ಸುಸ್ತಿಗೆ ಡಬ್ಬಿ ಮದ್ದಲ್ಲ: ನಾಲ್ಕನೇ ಮಹಡಿಗೆ ಒಂದು ಕ್ಯಾನ್ ನೀರು

ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಮೂರು ದಿನ ಕೆಟ್ಟು ನಿಂತಿತ್ತು. ಬನಶಂಕರಿ ಮೂರನೇ ಹಂತದಲ್ಲಿ ಮನೆ, ನಮ್ಮದು ನಾಲ್ಕನೇ ಮಹಡಿ. ಮೊದಲ ದಿನ ನೀರಿನ ಹುಡುಗ 20 ಲೀಟರ್ ಕ್ಯಾನನ್ನು ಕೆಳಗೆ ಸೆಕ್ಯುರಿಟಿ ಹತ್ತಿರ ಇಟ್ಟು ಹೋಗಿಬಿಟ್ಟಿದ್ದ. ಎಷ್ಟು ಮಹಾ ಅಂತ ನಾನೇ ಹೆಗಲಿಗೇರಿಸಿಕೊಂಡು ಹೊರಟೆ.

ಮೊದಲನೇ ಮಹಡಿ ಜೋರಾಗಿಯೇ ಹತ್ತಿದೆ, ಏನೂ ಅನ್ನಿಸಲಿಲ್ಲ. ಎರಡನೆಯದಕ್ಕೆ ತೊಡೆ ಉರಿಯತೊಡಗಿತು. ಮೂರರ ತಿರುವಿನಲ್ಲಿ ಕ್ಯಾನ್ ಇಳಿಸಿ ಗೋಡೆಗೆ ಒರಗಿ ನಿಂತೆ. ಮನೆ ಸೇರಿದ ಮೇಲೂ ಐದು ನಿಮಿಷ ಏದುಸಿರು ನಿಲ್ಲಲಿಲ್ಲ. ನನ್ನ ಅವಸ್ಥೆ ನೋಡಿ ಹೆಂಡತಿ, ಮಗ ಫ್ರಿಜ್ಜಿನಲ್ಲಿ ತಂದಿಟ್ಟಿದ್ದ ಎನರ್ಜಿ ಡ್ರಿಂಕ್ ತೆಗೆದು ಕೊಟ್ಟಳು. "ಕುಡೀರಿ, ಸ್ವಲ್ಪ ಶಕ್ತಿ ಬರುತ್ತೆ."

ಡಬ್ಬಿ ಕೈಯಲ್ಲಿ ಹಿಡಿದು ಸುಮ್ನೆ ಒಂದು ಲೆಕ್ಕ ಹಾಕಿದೆ. ನಾನು ಸುಮಾರು 70 ಕಿಲೋ, ಕ್ಯಾನ್ 20 ಕಿಲೋ, ಎತ್ತರ 12 ಮೀಟರ್. ಸ್ನಾಯುವಿನ ದಕ್ಷತೆ ಶೇ. 20-25 ಎಂದು ಹಿಡಿದರೆ ಖರ್ಚಾದದ್ದು ಹನ್ನೆರಡು ಕ್ಯಾಲೊರಿ ಆಸುಪಾಸು. ಒಂದು ಚಮಚ ಸಕ್ಕರೆಗಿಂತ ಕಡಿಮೆ! ಇತ್ತ ನನ್ನಂಥ ಆಸಾಮಿಯ ಮೈಯಲ್ಲಿ ಕಡಿಮೆ ಅಂದರೂ 12 ಕಿಲೋ ಕೊಬ್ಬು ಇರುತ್ತದೆ. ಗ್ರಾಮಿಗೆ 9 ಕ್ಯಾಲೊರಿಯಂತೆ ಅದು ಲಕ್ಷ ಕ್ಯಾಲೊರಿ ದಾಟುತ್ತದೆ. ಕಾಗದದ ಮೇಲೆ ನಾನು ಇನ್ನೂ ಒಂಬತ್ತು ಸಾವಿರ ಕ್ಯಾನ್ ಹೊರಬಹುದು. ಇಷ್ಟು ದಾಸ್ತಾನು ಇಟ್ಟುಕೊಂಡು ಮೂರನೇ ಮಹಡಿಯಲ್ಲಿ ನಿಂತುಬಿಟ್ಟೆ ಅಂದರೆ, ಕೊರತೆ ಇದ್ದದ್ದು ದಾಸ್ತಾನಿನಲ್ಲಂತೂ ಅಲ್ಲ.

ಆದರೆ ಈ ಊರಿನಲ್ಲಿ ಸುಸ್ತಿಗೆ ಸಿಗುವ ಮದ್ದೆಲ್ಲ ದಾಸ್ತಾನು ತುಂಬಿಸುವ ಮಾತನ್ನೇ ಆಡುತ್ತದೆ. ಎನರ್ಜಿ ಡ್ರಿಂಕ್, ಎನರ್ಜಿ ಬಾರ್, ಪುಡಿ, ಮಾತ್ರೆ. ಈಗ ಜೀವಕೋಶದೊಳಗೆ ಇಂಧನ ಸುಡುವ ಮೈಟೊಕಾಂಡ್ರಿಯವನ್ನೇ ಚುರುಕು ಮಾಡುತ್ತೇವೆ ಎನ್ನುವ ಡ್ರಿಪ್‌ಗಳ ಜಾಹೀರಾತೂ ಮೊಬೈಲಿಗೆ ಬರುತ್ತಿದೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಅಂಗಡಿಗಳಿಗೆ ಒಂದು ಸೂಚನೆ ಕೊಟ್ಟಿತು. ಹಾಲು, ಧಾನ್ಯ, ಮಾಲ್ಟ್ ಬೆರೆಸಿದ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್', 'ಎನರ್ಜಿ ಡ್ರಿಂಕ್' ಎಂಬ ಪಟ್ಟಿಯಲ್ಲಿ ಇಡಬೇಡಿ ಎಂದು. ಹೆಸರಿನ ಗೊಂದಲಕ್ಕೆ ಅಷ್ಟಾದರೂ ಕಡಿವಾಣ ಬಿತ್ತು. ಎನರ್ಜಿ ಎಂದರೇನು ಎಂಬ ಗೊಂದಲ ಹಾಗೇ ಉಳಿದಿದೆ. ಅದಕ್ಕೆ ಜೀವಕೋಶದ ಒಳಗೇ ಇಣುಕಬೇಕು.

ನಮ್ಮ ಮನೆಯಲ್ಲಿ ಡೆಪಾಸಿಟ್ ಕೊಟ್ಟು ತಂದ ಕ್ಯಾನ್ ಎರಡೇ ಇವೆ. ವರ್ಷವಿಡೀ ನೂರಾರು ಕ್ಯಾನ್ ನೀರು ಕುಡಿಯುತ್ತೇವೆ, ಆದರೆ ಮನೆಯಲ್ಲಿ ಯಾವತ್ತೂ ಇರುವುದು ಎರಡೇ. ಖಾಲಿ ಕೊಡುತ್ತೇವೆ, ತುಂಬಿದ್ದು ಬರುತ್ತದೆ. ಜೀವಕೋಶದ ಒಳಗೂ ಹೀಗೇ ನಡೆಯುತ್ತದೆ. ಅಲ್ಲಿ ತುಂಬಿದ ಕ್ಯಾನ್ ಎಂದರೆ ಎಟಿಪಿ (ಅಡೆನೊಸಿನ್ ಟ್ರೈಫಾಸ್ಫೇಟ್) ಎಂಬ ಅಣು, ಖಾಲಿ ಕ್ಯಾನಿನ ಹೆಸರು ಎಡಿಪಿ. ಎಟಿಪಿಗೆ ಮೂರು ಫಾಸ್ಫೇಟ್ ಅಂಟಿಕೊಂಡಿರುತ್ತವೆ. ಒಂದು ಕಳಚಿದರೆ ಅದು ಎಡಿಪಿ. ಆ ಕಳಚುವಿಕೆಯ ಬಲದಿಂದಲೇ ಸ್ನಾಯು ಕುಗ್ಗುತ್ತದೆ, ನರದಲ್ಲಿ ಸುದ್ದಿ ಓಡುತ್ತದೆ, ಹೊಸ ಪ್ರೋಟೀನ್ ಕಟ್ಟಿಕೊಳ್ಳುತ್ತದೆ.

ಇಡೀ ಮೈಯಲ್ಲಿ ಒಂದು ಹೊತ್ತಿಗೆ ಇರುವ ಎಟಿಪಿ 50ರಿಂದ 100 ಗ್ರಾಂ ಆಸುಪಾಸು. ಒಂದು ಹಿಡಿ ಅಕ್ಕಿಯಷ್ಟು. ಆದರೆ ಒಂದು ದಿನದಲ್ಲಿ ನಾವು ಬಳಸುವ ಎಟಿಪಿಯ ತೂಕ ಹತ್ತಿರ ಹತ್ತಿರ ನಮ್ಮ ಮೈತೂಕದಷ್ಟೇ. ಅಂದರೆ ಒಂದೊಂದು ಕ್ಯಾನೂ ದಿನಕ್ಕೆ ಐನೂರು, ಸಾವಿರ ಸಲ ಖಾಲಿಯಾಗಿ ತುಂಬುತ್ತದೆ. ಎಟಿಪಿಯನ್ನು ಕೂಡಿಡಲು ಆಗುವುದಿಲ್ಲ. ಕೂಡಿಟ್ಟರೆ ಹೊರೋಕೂ ಆಗುವುದಿಲ್ಲ.

ಈ ಕಥೆಯಲ್ಲಿ ನಮ್ಮ ನೆರೆಯವರೊಬ್ಬರಿದ್ದಾರೆ. ಆಂಧ್ರದ ಭೀಮಾವರಂನ ಯಲ್ಲಾಪ್ರಗಡ ಸುಬ್ಬರಾವ್. ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕ್ ಜೊತೆ ಕೆಲಸ ಮಾಡುತ್ತಾ, ದ್ರವದಲ್ಲಿ ಎಷ್ಟು ಫಾಸ್ಫೇಟ್ ಇದೆ ಎಂದು ಬಣ್ಣ ಬರಿಸಿ ಅಳೆಯುವ ವಿಧಾನವನ್ನು 1925ರಲ್ಲಿ ಕೊಟ್ಟರು. ಆ ಅಳತೆ ಕೈಗೆ ಸಿಕ್ಕಿದ್ದೇ ಸ್ನಾಯುವಿನ ಗುಟ್ಟು ಬಿಚ್ಚತೊಡಗಿತು. 1927ರಲ್ಲಿ ಕ್ರಿಯಾಟಿನ್ ಫಾಸ್ಫೇಟ್, 1929ರಲ್ಲಿ ಎಟಿಪಿ. ಅದೇ 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಕೂಡ ಬೇರೆಯಾಗಿ ಎಟಿಪಿಯನ್ನು ಕಂಡುಕೊಂಡರು. ಹೆಸರು ಹೆಚ್ಚಾಗಿ ಲೋಮನ್‌ಗೆ ಹೋಯಿತು. ಹಾರ್ವರ್ಡ್ ಸುಬ್ಬರಾವ್ ಅವರಿಗೆ ಕಾಯಂ ಹುದ್ದೆಯನ್ನೂ ಕೊಡಲಿಲ್ಲ.

ಇನ್ನು ಮೆಟ್ಟಿಲಿಗೆ ಬರೋಣ. ಸ್ನಾಯುವಿನಲ್ಲಿ ಸಿದ್ಧವಾಗಿರುವ ಎಟಿಪಿ ಜೋರು ಕೆಲಸಕ್ಕೆ ಎರಡು ಮೂರು ಸೆಕೆಂಡಿಗೆ ಸಾಕು, ಅಷ್ಟೇ. ಆಮೇಲೆ ಕೈಗೆ ಬರುವುದು ಸುಬ್ಬರಾವ್ ಕಂಡ ಕ್ರಿಯಾಟಿನ್ ಫಾಸ್ಫೇಟ್. ಅದು ತನ್ನ ಫಾಸ್ಫೇಟನ್ನು ತಟ್ಟನೆ ಎಡಿಪಿಗೆ ದಾಟಿಸುತ್ತದೆ. ಎಂಟು ಹತ್ತು ಸೆಕೆಂಡು ಹೀಗೆ ಸಾಗುತ್ತದೆ. ನನ್ನ ಮೊದಲನೇ ಮಹಡಿ ಆರಾಮಾಗಿ ಮುಗಿದದ್ದು ಇದರ ಪುಣ್ಯದಿಂದ.

ಎರಡನೇ ಮಹಡಿಯ ಹೊತ್ತಿಗೆ ಆ ಗಂಟು ಕರಗುತ್ತಾ ಬಂದಿತ್ತು. ಸ್ನಾಯು ತನ್ನೊಳಗೆ ಕೂಡಿಟ್ಟ ಗ್ಲೂಕೋಸಿನ ಸರಪಳಿ, ಅಂದರೆ ಗ್ಲೈಕೋಜೆನ್, ಒಡೆದು ಗ್ಲೂಕೋಸನ್ನು ಅರ್ಧಕ್ಕೇ ಸುಡುವ ದಾರಿ ಹಿಡಿಯಿತು. ಇದಕ್ಕೆ ಆಮ್ಲಜನಕ ಬೇಡ, ಬೇಗ ಆಗುತ್ತದೆ. ಆದರೆ ಒಂದು ಗ್ಲೂಕೋಸಿಗೆ ಎರಡು ಮೂರು ಎಟಿಪಿ ಸಿಕ್ಕರೆ ಹೆಚ್ಚು. ಜೊತೆಗೆ ಆಮ್ಲತೆ ಏರುತ್ತದೆ, ಬಿಡಿ ಫಾಸ್ಫೇಟ್ ಗುಡ್ಡೆ ಬೀಳುತ್ತದೆ. ತೊಡೆ ಉರಿದದ್ದು ಆಗಲೇ. ಹೀಗೆ ಅರ್ಧ ಸುಟ್ಟಾಗ ಉಳಿಯುವ ಲ್ಯಾಕ್ಟೇಟನ್ನು ಜಿಮ್‌ಗಳಲ್ಲಿ ಲ್ಯಾಕ್ಟಿಕ್ ಆಸಿಡ್ ಅಂತ ಕರೆದು, ವಿಷ ಅನ್ನುವ ಹಾಗೆ ಮಾತಾಡುತ್ತಾರೆ. ಪಾಪ, ಲ್ಯಾಕ್ಟೇಟ್ ಅಂಥದ್ದಲ್ಲ. ಹೃದಯ ಅದನ್ನು ಖುಷಿಯಾಗಿ ಸುಟ್ಟುಕೊಳ್ಳುತ್ತದೆ, ಲಿವರ್ ಅದನ್ನು ಮತ್ತೆ ಗ್ಲೂಕೋಸ್ ಮಾಡುತ್ತದೆ.

ಪೂರ್ತಿ ಸುಡುವ ದಾರಿಗೆ ಆಮ್ಲಜನಕ ಬೇಕು. ಅದರಲ್ಲಿ ಒಂದು ಗ್ಲೂಕೋಸಿಗೆ 30-32 ಎಟಿಪಿ ಸಿಗುತ್ತದೆ. ಆದರೆ ಶ್ವಾಸಕೋಶ, ಹೃದಯ, ರಕ್ತ ಎಲ್ಲವೂ ವೇಗಕ್ಕೆ ಬರಲು ಒಂದು ನಿಮಿಷಕ್ಕಿಂತ ಜಾಸ್ತಿ ಬೇಕು. ನಾನು ಅಷ್ಟರೊಳಗೆ ಮೂರನೇ ಮಹಡಿಯಲ್ಲಿ ಗೋಡೆ ಹಿಡಿದಿದ್ದೆ. ಮನೆಗೆ ಬಂದ ಮೇಲಿನ ಏದುಸಿರಿನ ಒಂದು ಪಾಲು ಖಾಲಿಯಾದ ಕ್ರಿಯಾಟಿನ್ ಫಾಸ್ಫೇಟನ್ನು ಮತ್ತೆ ತುಂಬುವ ಕೆಲಸದ್ದು. ಕೈಗಡ ತೀರಿಸಿದ ಹಾಗೆ.

ಈ ಪೂರ್ತಿ ಸುಡುವ ಕೆಲಸ ನಡೆಯುವುದು ಮೈಟೊಕಾಂಡ್ರಿಯದಲ್ಲಿ. 'ಜೀವಕೋಶದ ಪವರ್‌ಹೌಸ್' ಅಂತ ಬಾಯಿಪಾಠ ಮಾಡಿ ಎಲ್ಲರೂ ಪರೀಕ್ಷೆ ಬರೆದಿದ್ದೇವೆ, ಅಲ್ವಾ? ಆ ಮಾತು ನಾವು ಅಂದುಕೊಂಡದ್ದಕ್ಕಿಂತ ಎಷ್ಟೋ ನಿಜ. ಶಿವನಸಮುದ್ರ ನೆನಪಿಸಿಕೊಳ್ಳಿ. 1902ರಲ್ಲಿ ಅಲ್ಲಿನ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ದೀಪ ಹೊತ್ತಿಸಿತು. ಕಾವೇರಿ ನೀರು ಧುಮುಕುವ ಮೊದಲೂ ಅದೇ ನೀರು, ಧುಮುಕಿದ ಮೇಲೂ ಅದೇ ನೀರು. ವಿದ್ಯುತ್ ಬಂದದ್ದು ಎತ್ತರದ ವ್ಯತ್ಯಾಸದಿಂದ.

ಮೈಟೊಕಾಂಡ್ರಿಯಕ್ಕೆ ಒಳಪೊರೆ ಒಂದಿದೆ. ನಾವು ತಿಂದದ್ದರಿಂದ ಕಿತ್ತ ಎಲೆಕ್ಟ್ರಾನುಗಳು ಆ ಪೊರೆಯ ಉದ್ದಕ್ಕೂ ಕೈಯಿಂದ ಕೈಗೆ ದಾಟಿ ಕೊನೆಗೆ ಆಮ್ಲಜನಕಕ್ಕೆ ಸೇರುತ್ತವೆ. ಹಾಗೆ ದಾಟುವಾಗ ಸಿಗುವ ಬಲದಿಂದ ಪ್ರೋಟಾನುಗಳನ್ನು ಪೊರೆಯ ಒಂದು ಬದಿಗೆ ಪಂಪ್ ಮಾಡಲಾಗುತ್ತದೆ. ಅಲ್ಲಿ ಅವು ಅಣೆಕಟ್ಟಿನ ನೀರಿನಂತೆ ಒತ್ತಿಕೊಂಡು ನಿಲ್ಲುತ್ತವೆ. ಪೊರೆಯ ಆಚೀಚೆ ವೋಲ್ಟೇಜ್ ಒಂದೂವರೆ ನೂರು ಮಿಲಿವೋಲ್ಟ್ ಅಷ್ಟೇ. ಆದರೆ ಪೊರೆಯ ದಪ್ಪ ಬರೀ ಐದಾರು ನ್ಯಾನೊಮೀಟರ್. ಅದನ್ನೇ ಮೀಟರಿನ ಲೆಕ್ಕಕ್ಕೆ ತಂದರೆ ಸುಮಾರು 3 ಕೋಟಿ ವೋಲ್ಟ್, ಮಿಂಚಿನ ಮಟ್ಟದ್ದು. ನೀವು ಕೂತು ಇದನ್ನು ಓದುವಾಗಲೂ ಮೈತುಂಬ ಅದು ನಡೆಯುತ್ತಿದೆ.

ಪ್ರೋಟಾನುಗಳು ವಾಪಸ್ ಬರಲು ಒಂದೇ ಸಲೀಸಾದ ದಾರಿ, ಎಟಿಪಿ ಸಿಂಥೇಸ್ ಎಂಬ ಟರ್ಬೈನ್. ಇದು ಉಪಮೆಯ ಮಾತಲ್ಲ, ಅದು ನಿಜವಾಗಿಯೂ ತಿರುಗುತ್ತದೆ. ಒಂದು ಸುತ್ತಿಗೆ ಮೂರು ಎಟಿಪಿ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಅದರ ಅಚ್ಚಿಗೆ ಹೊಳೆಯುವ ಎಳೆಯೊಂದನ್ನು ಕಟ್ಟಿ, ಸೂಕ್ಷ್ಮದರ್ಶಕದ ಕೆಳಗೆ ಅದು ಗಿರಗಿರನೆ ತಿರುಗುವುದನ್ನು ಕಣ್ಣಾರೆ ಕಂಡರು. ಅದೇ ವರ್ಷ ಈ ಯಂತ್ರದ ಗುಟ್ಟು ಬಿಡಿಸಿದ ಪಾಲ್ ಬಾಯರ್ ಮತ್ತು ಜಾನ್ ವಾಕರ್‌ಗೆ ನೊಬೆಲ್ ಬಂತು. ಪ್ರೋಟಾನ್ ಅಣೆಕಟ್ಟಿನ ಮಾತನ್ನು ಮೊದಲು ಆಡಿದ್ದು ಪೀಟರ್ ಮಿಚೆಲ್, 1961ರಲ್ಲಿ. ಬಹಳ ಜನ ನಂಬಲಿಲ್ಲ. ಆತ ಇಂಗ್ಲೆಂಡಿನ ಮೂಲೆಯೊಂದರ ಹಳೇ ಬಂಗಲೆ ರಿಪೇರಿ ಮಾಡಿಸಿ ಅಲ್ಲೇ ಲ್ಯಾಬ್ ಹಾಕಿಕೊಂಡ. 1978ರಲ್ಲಿ ನೊಬೆಲ್ ಅಲ್ಲಿಗೇ ಹುಡುಕಿಕೊಂಡು ಬಂತು.

ಶಿವನಸಮುದ್ರದ ಮಾತು ಎಟಿಪಿಗೂ ಒಪ್ಪುತ್ತದೆ. ನಮ್ಮ ಪಿಯು ಪುಸ್ತಕದಲ್ಲಿ ಎಟಿಪಿಯಲ್ಲಿ 'ಹೆಚ್ಚು ಶಕ್ತಿಯ ಬಂಧ' ಇದೆ, ಅದು ಮುರಿದರೆ ಶಕ್ತಿ ಬಿಡುಗಡೆ ಅಂತ ಇತ್ತು. ಓದಿದವರ ತಲೆಯಲ್ಲಿ ಅದು ಪಟಾಕಿಯ ಚಿತ್ರವಾಗಿ ಕೂರುತ್ತದೆ. ನಿಜಕ್ಕೂ ಯಾವ ಬಂಧ ಮುರಿಯಲೂ ಶಕ್ತಿ ಖರ್ಚೇ ಆಗುತ್ತದೆ. ಮುರಿದ ಮೇಲೆ ನೀರಿನ ಜೊತೆ ಸೇರಿ ಹೊಸದಾಗಿ ಕೂಡಿಕೊಂಡ ಬಂಧಗಳು ಜಾಸ್ತಿ ನೆಮ್ಮದಿಯಾಗಿರುವುದರಿಂದ ಲಾಭ ಬರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಜೀವಕೋಶ ಸದಾ ತುಂಬಿದ ಕ್ಯಾನುಗಳನ್ನು ಜಾಸ್ತಿ, ಖಾಲಿ ಕ್ಯಾನುಗಳನ್ನು ಕಡಿಮೆ ಇಟ್ಟುಕೊಂಡು ಆ ಏರುಪೇರನ್ನು ಕಾಯುತ್ತದೆ. ಬಲ ಇರುವುದು ಆ ಏರುಪೇರಿನಲ್ಲಿ. ಅದು ಸಮವಾದ ದಿನ ಜೀವ ಇರುವುದಿಲ್ಲ.

ಈಗ ಬೆಂಗಳೂರಿಗೆ ಬೇಕಾದ ಮಾತು. ಮೈಟೊಕಾಂಡ್ರಿಯ ಎಷ್ಟು ಸುಡಬೇಕು ಎಂದು ತೀರ್ಮಾನಿಸುವುದು ಯಾರು? ನಾವು ಎಷ್ಟು ತಿಂದೆವು ಎಂಬುದಲ್ಲ. ಎಷ್ಟು ಎಡಿಪಿ ವಾಪಸ್ ಬಂತು ಎಂಬುದು. ಖಾಲಿ ಕ್ಯಾನ್ ಬರದಿದ್ದರೆ ಟರ್ಬೈನ್ ನಿಧಾನವಾಗುತ್ತದೆ. ಪ್ರೋಟಾನುಗಳು ಕಟ್ಟೆ ತುಂಬಿ ನಿಲ್ಲುತ್ತವೆ, ಪಂಪುಗಳು ಆ ಒತ್ತಡಕ್ಕೆ ಎದುರಾಗಿ ತಳ್ಳಲಾರದೆ ನಿಲ್ಲುತ್ತವೆ, ಹಿಂದಿನಿಂದ ಬಂದ ಇಂಧನ ಸಾಲಿನಲ್ಲಿ ಕಾಯುತ್ತದೆ. ಸಿಲ್ಕ್ ಬೋರ್ಡಿನಲ್ಲಿ ಸಂಜೆ ಏಳಕ್ಕೆ ಎಷ್ಟು ಗಾಡಿ ತಂದು ಬಿಟ್ಟರೂ ರಸ್ತೆ ಸಾಗುವುದಿಲ್ಲವಲ್ಲ, ಹಾಗೆ. ಕಾಯುವ ಇಂಧನ ಕೊಬ್ಬಾಗುತ್ತದೆ. ಚರ್ಮದ ಕೆಳಗೆ ಜಾಗ ಸಾಲದೇ ಇದ್ದಾಗ ಲಿವರಿನಲ್ಲಿ, ಸ್ನಾಯುವಿನ ಒಳಗೇ ಕೂರುತ್ತದೆ. ಆಮೇಲೆ ರಕ್ತದ ಸಕ್ಕರೆಯನ್ನು ಒಳಗೆ ಬಿಡಿಸಲು ಇನ್ಸುಲಿನ್ ಬಂದು ಬಾಗಿಲು ತಟ್ಟಿದರೂ ಸ್ನಾಯು ಸರಿಯಾಗಿ ಓಗೊಡುವುದಿಲ್ಲ.

ಇದರ ಲೆಕ್ಕ ದೊಡ್ಡದಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನೆರವಿನ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಕೊಟ್ಟ ಅಂಕಿಯಂತೆ ವಯಸ್ಕರಲ್ಲಿ ಶೇ. 11.4 ಮಂದಿಗೆ ಸಕ್ಕರೆ ಕಾಯಿಲೆ, ಇನ್ನೂ ಶೇ. 15.3 ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಹೈದರಾಬಾದಿನ 345 ಐಟಿ ನೌಕರರನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 84 ಮಂದಿಯ ಲಿವರಿನಲ್ಲಿ ಕೊಬ್ಬು ಜಾಸ್ತಿ ಇತ್ತು. ಅದು ಹೈದರಾಬಾದಿನ ಮಾತು ಬಿಡಿ ಅಂತ ವೈಟ್‌ಫೀಲ್ಡಿನಲ್ಲಿ ಕೂತು ನಗುವ ಹಾಗಿಲ್ಲ. ನಮ್ಮ ಜನಕ್ಕೆ ಇನ್ನೊಂದು ತೊಡಕಿದೆ. ಪುಣೆಯ ಮಧುಮೇಹ ತಜ್ಞ ಡಾ. ಯಾಜ್ಞಿಕ್ ವರ್ಷಗಳಿಂದ ತೋರಿಸುತ್ತಾ ಬಂದಿರುವಂತೆ, ನೋಡೋಕೆ ತೆಳ್ಳಗಿದ್ದರೂ ಒಳಗೆ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ. ಊಟ ಮಾಡಿದ ಮೇಲೆ ಗ್ಲೂಕೋಸಿನ ದೊಡ್ಡ ಪಾಲು ಸೇರಬೇಕಾದದ್ದು ಸ್ನಾಯುವಿಗೆ. ಗೋದಾಮೇ ಚಿಕ್ಕದು, ಅದೂ ದಿನವಿಡೀ ತೆರೆಯುವುದಿಲ್ಲ ಅಂದರೆ ಲಾರಿ ಎಲ್ಲಿ ಇಳಿಸಬೇಕು?

ಸಮಾಧಾನದ ಸಂಗತಿ ಒಂದಿದೆ. ಸ್ನಾಯು ಕೆಲಸ ಮಾಡುವಾಗ ಗ್ಲೂಕೋಸ್ ಒಳಗೆ ಬರುವ ಬಾಗಿಲುಗಳು ಇನ್ಸುಲಿನ್ ಹಂಗಿಲ್ಲದೆಯೂ ತೆರೆದುಕೊಳ್ಳುತ್ತವೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಸಕ್ಕರೆ ಅಷ್ಟು ಏರದೇ ಇರುವುದಕ್ಕೆ ಕಾರಣ ಇದೇ. ಸುಟ್ಟ ಕ್ಯಾಲೊರಿ ಲೆಕ್ಕದಲ್ಲಿ ಆ ನಡಿಗೆ ಏನೇನೂ ಅಲ್ಲ. ನಾನು ನಾಲ್ಕು ಮಹಡಿ ಕ್ಯಾನ್ ಹೊತ್ತದ್ದಕ್ಕೆ ಹನ್ನೆರಡು ಕ್ಯಾಲೊರಿ ಅಂದೆನಲ್ಲ! ವಾಚಿನಲ್ಲಿ ಕ್ಯಾಲೊರಿ ಎಣಿಸುತ್ತಾ ಲಾಲ್‌ಬಾಗ್ ಸುತ್ತುವವರಿಗೆ ಇದು ಬೇಸರ ತರಬಹುದು.

ಖಾಲಿ ಕ್ಯಾನ್ ಇಲ್ಲದೆಯೂ ಸುಡುವ ಅಡ್ಡದಾರಿ ಒಂದನ್ನು ಹಿಂದೆ ಹುಡುಕಿದ್ದರು. ಡೈನೈಟ್ರೊಫಿನಾಲ್ ಎಂಬ ಹಳದಿ ಪುಡಿ ಮೈಟೊಕಾಂಡ್ರಿಯದ ಅಣೆಕಟ್ಟಿಗೆ ತೂತು ಕೊರೆಯುತ್ತದೆ. ಪ್ರೋಟಾನುಗಳು ಟರ್ಬೈನ್ ತಿರುಗಿಸದೆ ಸೋರಿ ಹೋಗುತ್ತವೆ, ಎಲ್ಲ ಬರೀ ಬಿಸಿಯಾಗುತ್ತದೆ. 1933ರಿಂದ ಅಮೆರಿಕದಲ್ಲಿ ತೂಕ ಇಳಿಸಲು ಕೊಟ್ಟರು. ತೂಕವೇನೋ ಇಳಿಯಿತು. ಕೆಲವರು ಮೈ ಬೆಂದು ಸತ್ತರು, ಕೆಲವರ ಕಣ್ಣಿಗೆ ಪೊರೆ ಬಂತು. 1938ರಲ್ಲಿ ನಿಲ್ಲಿಸಿದರು. ಈಗಲೂ ಆನ್‌ಲೈನಿನಲ್ಲಿ ಕದ್ದುಮುಚ್ಚಿ ಮಾರುವವರಿದ್ದಾರೆ. ದಯವಿಟ್ಟು ಅತ್ತ ಸುಳಿಯಬೇಡಿ.

ದಾಸ್ತಾನಿನ ವಿಷಯ ಬಂತಲ್ಲ, ಮೈ ಅದನ್ನು ಎರಡು ರೀತಿ ಇಡುತ್ತದೆ. ಲಿವರಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 400 ಗ್ರಾಂ ಗ್ಲೈಕೋಜೆನ್. ಉಳಿದದ್ದು ಕೊಬ್ಬು. ಗ್ಲೈಕೋಜೆನ್ ಗ್ರಾಮಿಗೆ ಮೂರು ಗ್ರಾಂ ನೀರನ್ನು ಹಿಡಿದುಕೊಂಡೇ ಕೂರುತ್ತದೆ, ಹಾಗಾಗಿ ಭಾರ. ನನ್ನ 12 ಕಿಲೋ ಕೊಬ್ಬಿನ ಶಕ್ತಿಯನ್ನು ಗ್ಲೈಕೋಜೆನ್ ಆಗಿ ಇಟ್ಟಿದ್ದರೆ 100 ಕಿಲೋ ಮೀರಿದ ಮೂಟೆ ಹೊತ್ತು ತಿರುಗಬೇಕಿತ್ತು. ಏಕಾದಶಿಯ ದಿನ ನೀರೂ ಮುಟ್ಟದೆ ಇರುತ್ತಿದ್ದ ನಮ್ಮ ಅಜ್ಜಿ ದ್ವಾದಶಿ ಬೆಳಗಿನ ಹೊತ್ತಿಗೆ ಲಿವರಿನ ಗ್ಲೈಕೋಜೆನ್ ಹೆಚ್ಚುಕಮ್ಮಿ ಮುಗಿಸಿ, ಕೊಬ್ಬಿನ ಮೇಲೆ ನಡೆಯುತ್ತಿದ್ದರು. ಡಯಟ್ ಶುರು ಮಾಡಿದ ಮೊದಲ ವಾರ 'ಎರಡು ಕಿಲೋ ಇಳಿದೆ' ಅಂತ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತಾರಲ್ಲ, ಅದರಲ್ಲಿ ಬಹುಪಾಲು ಈ ಗ್ಲೈಕೋಜೆನ್ ಮತ್ತು ಅದರ ನೀರು. ಅನ್ನ ತಿಂದ ದಿನ ವಾಪಸ್.

ಹಾಗಾದರೆ ಆ ಡಬ್ಬಿಯಲ್ಲಿ ಏನಿತ್ತು? ಇಂಥ 250 ಮಿಲಿ ಡಬ್ಬಿಗಳಲ್ಲಿ ಸಾಮಾನ್ಯವಾಗಿ 25 ಗ್ರಾಮಿಗೂ ಜಾಸ್ತಿ ಸಕ್ಕರೆ, 75-80 ಮಿಲಿಗ್ರಾಂ ಕೆಫೀನ್, ಒಂದಿಷ್ಟು ಬಿ ವಿಟಮಿನ್ ಇರುತ್ತವೆ. ಸಕ್ಕರೆ ಬೇಕಿರಲಿಲ್ಲ, ಮೇಲೆ ಹೇಳಿದ್ದೇನೆ. ಕೆಫೀನ್ ಶಕ್ತಿ ಕೊಡುವುದಿಲ್ಲ. ದಿನವಿಡೀ ಎಟಿಪಿ ಬಳಸುತ್ತಾ ಹೋದಂತೆ ಮೆದುಳಿನಲ್ಲಿ ಅಡೆನೊಸಿನ್ ಸೇರುತ್ತಾ ಹೋಗುತ್ತದೆ. ಎಟಿಪಿಯಿಂದ ಫಾಸ್ಫೇಟುಗಳೆಲ್ಲ ಹೋದರೆ ಉಳಿಯುವ ಬೋಳು ತುಂಡೇ ಅಡೆನೊಸಿನ್. 'ಸಾಕು, ಮಲಗು' ಅನ್ನುವ ಗಂಟೆ ಅದು. ಕೆಫೀನ್ ಆ ಗಂಟೆಗೆ ಬಟ್ಟೆ ಸುತ್ತುತ್ತದೆ. ಬೆಳಗ್ಗೆ ಆರಕ್ಕೆ ನಾನು ಕುಡಿಯುವ ಫಿಲ್ಟರ್ ಕಾಫಿಯೂ ಅದನ್ನೇ ಮಾಡುತ್ತದೆ. ಅದನ್ನು ಬಿಡಿ ಅಂತ ಯಾರಿಗೂ ಹೇಳಲಾರೆ, ನಾನೇ ಬಿಡುವುದಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಡಬ್ಬಿ ಒಡೆದು ಓದಲು ಕೂರುವ ಮಗನಿಗೆ ಅದು ಎನರ್ಜಿ ಅಲ್ಲ ಕಣೋ, ಸಾಲ ವಸೂಲಿಗೆ ಬಂದವರಿಗೆ ಬಾಗಿಲು ಹಾಕೋದು ಅಂತ ಹೇಳಿದ್ದೇನೆ.

ಬಿ ವಿಟಮಿನ್‌ಗಳು ಈ ಯಂತ್ರದ ಬಿಡಿಭಾಗಗಳು ಎಂಬುದು ನಿಜ. ಕಡಿಮೆಯಾದರೆ ಯಂತ್ರ ಕುಂಟುತ್ತದೆ. ಜಾಸ್ತಿ ಹಾಕಿದರೆ ಜಾಸ್ತಿ ಓಡುವುದಿಲ್ಲ, ಆಟೋಗೆ ನಾಲ್ಕನೇ ಚಕ್ರ ಕಟ್ಟಿದ ಹಾಗೆ. ಡ್ರಿಪ್‌ಗಳ ಮಾತೂ ಹೆಚ್ಚು ಕಡಿಮೆ ಇಷ್ಟೇ. ಆರೋಗ್ಯವಂತರಿಗೆ ಅವುಗಳಿಂದ ಲಾಭ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಜಿಮ್ ಪುಡಿಗಳಲ್ಲಿ ಕ್ರಿಯಾಟಿನ್ ಒಂದಕ್ಕೆ ಮಾತ್ರ ನ್ಯಾಯವಾಗಿ ಅಂಕ ಕೊಡಬೇಕು. ಅದು ನೇರವಾಗಿ ಆ ಹತ್ತು ಸೆಕೆಂಡಿನ ಗಂಟನ್ನು ಸ್ವಲ್ಪ ದೊಡ್ಡದು ಮಾಡುತ್ತದೆ. ಭಾರ ಎತ್ತುವವರಿಗೆ ಉಪಯೋಗ ಇದೆ.

ಇಷ್ಟೆಲ್ಲ ಹೇಳಿ, ಸುಸ್ತು ಎಂದವರನ್ನೆಲ್ಲ ಎದ್ದು ನಡೀರಿ ಅಂತ ಗದರಿದರೆ ತಪ್ಪಾಗುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಇದು ನಿಜವಾದ ಎನರ್ಜಿ ಕೊರತೆ. ರಕ್ತದಲ್ಲಿ ಆಮ್ಲಜನಕ ಹೊರುವುದೂ ಕಬ್ಬಿಣ, ಮೈಟೊಕಾಂಡ್ರಿಯದ ಪೊರೆಯಲ್ಲಿ ಎಲೆಕ್ಟ್ರಾನುಗಳನ್ನು ಕೈಯಿಂದ ಕೈಗೆ ದಾಟಿಸುವುದೂ ಕಬ್ಬಿಣವೇ. ಎರಡೂ ಕಡೆ ಪೆಟ್ಟು. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಎಂಟು ಗಂಟೆ ಹೊಲಿಗೆ ಮೆಷಿನ್ ತುಳಿದು, ಬಸ್ಸಿನಲ್ಲಿ ನಿಂತೇ ಮನೆಗೆ ಬಂದು ಅಡುಗೆಗೆ ನಿಲ್ಲುವ ಹೆಂಗಸು 'ಯಾಕೋ ಸುಸ್ತು' ಅಂದರೆ ಅವಳಿಗೆ ಬೇಕಾದದ್ದು ಒಂದು ಹಿಮೋಗ್ಲೋಬಿನ್ ಪರೀಕ್ಷೆ ಮತ್ತು ಕಬ್ಬಿಣದ ಮಾತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಬ್ಬಿಣದ ಮಾತ್ರೆ ಪುಕ್ಕಟೆ ಕೊಡುತ್ತಾರೆ. ಥೈರಾಯ್ಡ್, ಬಿ12, ಸಕ್ಕರೆ ಕೂಡ ನೋಡಿಸಬೇಕು. ಈ ಸುಸ್ತಿಗೆ ಹೊಳೆಯುವ ಡಬ್ಬಿಯೂ ಇಲ್ಲ, ಜಾಹೀರಾತೂ ಇಲ್ಲ.

ಮೂರನೇ ದಿನ ನೀರಿನ ಹುಡುಗನೇ ಮೇಲೆ ಬಂದ. ಯಾದಗಿರಿ ಕಡೆಯವನು, ಇಪ್ಪತ್ತರ ಆಸುಪಾಸು. ಎಡ ಹೆಗಲ ಮೇಲೆ ಕ್ಯಾನ್, ಬಲಗೈಯಲ್ಲಿ ಮೊಬೈಲ್, ಯಾರ ಜೊತೆಗೋ ಮಾತಾಡುತ್ತಲೇ ನಾಲ್ಕು ಮಹಡಿ ಹತ್ತಿದ್ದ. ಉಸಿರು ಸ್ವಲ್ಪವೂ ಏರಿರಲಿಲ್ಲ.

"ಸುಸ್ತಾಗಲ್ವೇನಪ್ಪ?" ಅಂದೆ.

"ಊರಿಂದ ಬಂದ ಹೊಸ್ದಾಗ ಒಂದು ವಾರ ಕಾಲೇ ಬಂದಿರ್ಲಿಲ್ರಿ ಸರ್. ರಾತ್ರಿ ಅಳು ಬರ್ತಿತ್ತು. ಈಗೇನಿಲ್ರಿ."

1967ರಲ್ಲಿ ಜಾನ್ ಹೊಲೊಸ್ಜಿ ಎಂಬ ಅಮೆರಿಕದ ವೈದ್ಯ ಇಲಿಗಳನ್ನು ಕೆಲವು ವಾರ ಓಡಿಸಿ ನೋಡಿದ್ದ. ಅವುಗಳ ಕಾಲಿನ ಸ್ನಾಯುವಿನಲ್ಲಿ ಆಮ್ಲಜನಕ ಬಳಸಿ ಸುಡುವ ತಾಕತ್ತು ಸುಮಾರು ಎರಡರಷ್ಟಾಗಿತ್ತು. ಜಾಸ್ತಿ ಕೆಲಸ ಕೇಳುತ್ತಾ ಹೋದಂತೆ ಸ್ನಾಯು ಹೊಸ ಮೈಟೊಕಾಂಡ್ರಿಯ ಕಟ್ಟಿಕೊಳ್ಳುತ್ತದೆ. ಅಳುತ್ತಾ ಮಲಗಿದ ರಾತ್ರಿಗಳಲ್ಲಿ ಈ ಹುಡುಗನ ತೊಡೆಯಲ್ಲಿ ನಡೆಯುತ್ತಿದ್ದದ್ದು ಅದೇ ಕೆಲಸ.

ಇದನ್ನೆಲ್ಲ ಕೇಳುವಷ್ಟು ಪುರುಸೊತ್ತು ಅವನಿಗೆ ಇರಲಿಲ್ಲ. ಅಡುಗೆಮನೆ ಕಡೆ ಕತ್ತು ಚಾಚಿ ನೋಡಿದ.

"ಖಾಲಿ ಕ್ಯಾನ್ ಕೊಡ್ರಿ ಸರ್, ಇನ್ನೂ ಹನ್ನೊಂದು ಮನಿ ಅದಾವ."